ಮ್ಯೂಸಿಯಂ ಪೆಟ್ಟಿಗೆ ಶಾಲೆಗೆ ಬರಲಿ, ಮುರಿದರೆ ಮುರಿಯಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತು ಅಂದರೆ ರಸ್ತೆ ತುಂಬಾ ಶಾಲಾ ಪ್ರವಾಸದ ಬಸ್ಸುಗಳೇ. ಬೇಲೂರು, ಹಳೇಬೀಡು, ಹಂಪಿ, ಮೈಸೂರು. ಬಸ್ಸಿಂದ ಇಳಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆ ಎಣಿಸಿ, ಮ್ಯೂಸಿಯಂ ಒಳಗೆ ಬಿಟ್ಟು, ಸ್ವಲ್ಪ ಹೊತ್ತಿಗೆಲ್ಲ ಇನ್ನೊಂದು ಬಾಗಿಲಿಂದ ಹೊರಗೆ ಕರೆದುಕೊಂಡು ಬರುತ್ತೇವೆ. ಅಷ್ಟರಲ್ಲಿ ಮಕ್ಕಳು ಸರಿಯಾಗಿ ಓದಿಕೊಂಡು ಬರುವ ಬೋರ್ಡು ಒಂದೇ, 'ಮುಟ್ಟಬೇಡಿ'. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾರೆ. ಶುಕ್ರವಾರ ಹೋದರೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮ್ಯೂಸಿಯಂಗಳಿಗೆ ರಜೆ, ಸೋಮವಾರ ಹೋದರೆ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ರಜೆ. ಯಾರನ್ನೂ ಬೈಯೋಕೆ ಇದನ್ನು ಬರೆಯುತ್ತಿಲ್ಲ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು, ಆ ತಲೆ ಎಣಿಸುವ ಮೇಡಂ ನಾನೇ. ಪ್ರವಾಸದ ದುಡ್ಡು ಕೊಡಲಾಗದೆ 'ಹುಷಾರಿಲ್ಲ ಮಿಸ್' ಅಂತ ಮನೆಯಲ್ಲೇ ಉಳಿಯುವ ಮಕ್ಕಳ ಹೆಸರೂ ನನಗೆ ಗೊತ್ತು.

ಅದಕ್ಕೇ ಕೇಳುತ್ತಿದ್ದೇನೆ, ಒಂದು ಸಲ ಮ್ಯೂಸಿಯಮ್ಮೇ ನಮ್ಮ ಶಾಲೆಗೆ ಬರಬಾರದಾ? ಒಂದು ಪೆಟ್ಟಿಗೆಯಲ್ಲಿ ಬಂದರೆ ಸಾಕು. ಗ್ರಂಥಾಲಯದಿಂದ ಪುಸ್ತಕ ಎರವಲು ತಂದ ಹಾಗೆ, ಶಾಲೆಯವರು ಸಹಿ ಮಾಡಿ ತರಬೇಕು, ಎರಡು ಮೂರು ವಾರ ಇಟ್ಟುಕೊಂಡು ಪಾಠ ಮಾಡಬೇಕು, ವಾಪಸ್ ಕೊಟ್ಟು ಬೇರೆ ಪೆಟ್ಟಿಗೆ ತರಬೇಕು. ಅದರೊಳಗೆ ನಮ್ಮ ಭಾಗದ ಇತಿಹಾಸ ಇರಬೇಕು, ನಮ್ಮ ಭಾಗದ ಕಾಡು ಮೇಡಿನ ಜೀವಿಗಳಿರಬೇಕು. ಮತ್ತೆ ಪ್ರತಿಯೊಂದನ್ನೂ ಮಕ್ಕಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವಂತಿರಬೇಕು.

ಇದು ನನ್ನ ತಲೆಯಲ್ಲಿ ಹುಟ್ಟಿದ ಐಡಿಯಾ ಏನಲ್ಲ. ಇಂಗ್ಲೆಂಡಿನ ರೆಡಿಂಗ್ ಊರಿನ ಮ್ಯೂಸಿಯಂ 1911ರಿಂದ ಶಾಲೆಗಳಿಗೆ ಹೀಗೆ ವಸ್ತುಗಳನ್ನು ಎರವಲು ಕೊಡುತ್ತಾ ಬಂದಿದೆ. ಅದೇ ಹೊತ್ತಿಗೆ ಅಮೆರಿಕದ ಷಿಕಾಗೊದಲ್ಲಿ ಹ್ಯಾರಿಸ್ ಅನ್ನುವ ಬ್ಯಾಂಕರ್ ಒಬ್ಬರು ಕೊಟ್ಟ ದೇಣಿಗೆಯಿಂದ ಫೀಲ್ಡ್ ಮ್ಯೂಸಿಯಂ ಈ ಕೆಲಸಕ್ಕೆ ಕೈ ಹಾಕಿತು. ಹಕ್ಕಿ, ಕೀಟ, ಗಿಡಗಳನ್ನು ಗಾಜಿನ ಮುಂಭಾಗದ ಪುಟ್ಟ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ, ಗಾಡಿಯಲ್ಲಿ ಹಾಕಿಕೊಂಡು ಊರಿನ ಶಾಲೆಗಳಿಗೆ ಹಂಚುತ್ತಾ ಹೋದರು. ನೂರು ವರ್ಷ ದಾಟಿದೆ, ಆ ಎರಡೂ ಕಡೆ ಇನ್ನೂ ಎರವಲು ಕೊಡುತ್ತಿದ್ದಾರೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ. ವಯಸ್ಸಿನ ಲೆಕ್ಕದಲ್ಲಿ ನಾವೇನೂ ಹಿಂದೆ ಇಲ್ಲ ಅಲ್ವಾ?

'ಸಂಚಾರಿ ಬಸ್ಸು ಇದೆಯಲ್ಲ' ಅನ್ನಬಹುದು. ಇದೆ, ಒಳ್ಳೆಯದೇ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ವಿಜ್ಞಾನ ಬಸ್ಸು ಹಳ್ಳಿಗಳಿಗೆ ಬರುತ್ತದೆ, ಮುಂಬೈಯ ಛತ್ರಪತಿ ಶಿವಾಜಿ ಮ್ಯೂಸಿಯಂ ಕೂಡ 2015ರಲ್ಲಿ ಗಾಡಿ ಮೇಲೆ ಮ್ಯೂಸಿಯಂ ಶುರು ಮಾಡಿತು. ಆದರೆ ಬಸ್ಸು ಬಂದ ದಿನ ಶಾಲೆಯಲ್ಲಿ ಏನಾಗುತ್ತೆ ಅಂದರೆ, ಇಡೀ ಶಾಲೆ ಸಾಲು ನಿಲ್ಲುತ್ತೆ, ಒಂದೊಂದು ತರಗತಿ ಹತ್ತಿ ಇಳಿಯುತ್ತೆ, ಸಂಜೆಗೆ ಬಸ್ಸು ಹೊರಡುತ್ತೆ. ಮಕ್ಕಳಿಗೆ ನಿಜವಾದ ಪ್ರಶ್ನೆ ಬರೋದು ಮಾರನೇ ದಿನ, ಅಷ್ಟು ಹೊತ್ತಿಗೆ ಬಸ್ಸು ಇನ್ಯಾವುದೋ ತಾಲೂಕಿನಲ್ಲಿರುತ್ತೆ. ಪೆಟ್ಟಿಗೆಯಾದರೆ ಮಾರನೇ ದಿನವೂ ಮೇಜಿನ ಮೇಲೇ ಇರುತ್ತೆ.

ಒಳಗೆ ಏನಿಡಬೇಕು? ನನ್ನನ್ನು ಕೇಳಿದರೆ ಮೊದಲು ಹೇಳುವುದು ಆತಕೂರಿನ ಕಲ್ಲು.

ಮದ್ದೂರು ತಾಲೂಕಿನ ಆತಕೂರಿನ ಈ ಶಾಸನ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಾಲ ಕ್ರಿ.ಶ. 949-50. ಕಲ್ಲಿನ ಮೇಲ್ಭಾಗದಲ್ಲಿ ಒಂದು ನಾಯಿ ಮತ್ತು ಒಂದು ಕಾಡುಹಂದಿ ಎದುರು ಬದುರು ನಿಂತು ಕಾದಾಡುತ್ತಿವೆ. ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ, ಆಗ ಅವನ ಕಡೆ ಗಂಗರ ಬೂತುಗ ಇದ್ದ, ಬೂತುಗನ ಕಡೆ ಮಣಲೇರ ಅನ್ನುವ ಬಂಟ ಇದ್ದ. ಮೆಚ್ಚಿದ ಬೂತುಗ 'ಏನು ಬೇಕು ಕೇಳು' ಅಂದಾಗ ಈ ಮನುಷ್ಯ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಬೂತುಗನ ಬೇಟೆನಾಯಿ ಕಾಳಿಯನ್ನು ಕೇಳಿದ! ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಜನ ನೇಮಿಸಿ, ಭೂಮಿ ಬಿಟ್ಟುಕೊಟ್ಟರು.

ಗಂಗರು, ರಾಷ್ಟ್ರಕೂಟರು, ಚೋಳರು ಅಂತ ಬೋರ್ಡಿನ ಮೇಲೆ ಮೂರು ಹೆಸರು ಬರೆದು ಬಾಣದ ಗುರುತು ಹಾಕಿದರೆ ಒಂಬತ್ತನೇ ತರಗತಿ ಆಕಳಿಸುತ್ತದೆ. ಅದೇ ನಾಯಿಯಿಂದ ಶುರು ಮಾಡಿದರೆ? ಈ ಕಲ್ಲಿನ ಮೇಲ್ಭಾಗದ ಒಂದು ಸಣ್ಣ ನಕಲು, ಪ್ಲಾಸ್ಟರಿನದೋ ರಾಳದ್ದೋ, ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡದು ಇದ್ದರೆ ಸಾಕು. ಜೊತೆಗೆ ನಾಲ್ಕು ಸಾಲು ಅಕ್ಷರ. ಅದರ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಕಾಗದ ಅಕ್ಷರದ ಗುಂಡಿಗಳಿಗೆ ಇಳಿದ ಮೇಲೆ ಶಾಯಿಯ ಬಟ್ಟೆಯುಂಡೆ ಒತ್ತಿದರೆ ಪಡಿಯಚ್ಚು ಬರುತ್ತದೆ. ಕಾಗದದ ಮೇಲೆ ಕಪ್ಪು ನೆಲ, ಬಿಳಿ ಅಕ್ಷರ. ಶಾಸನತಜ್ಞರು ಮಾಡುವುದೂ ಇದನ್ನೇ, ಮೈಸೂರಿನಲ್ಲಿರುವ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಶಾಸನ ವಿಭಾಗದಲ್ಲಿ ಇಂಥ ಪಡಿಯಚ್ಚುಗಳು ಸಾವಿರಗಟ್ಟಲೆ ಇವೆ. ಮಕ್ಕಳಿಗೆ ಕೈಯೆಲ್ಲ ಮಸಿ ಆಗುತ್ತೆ, ಯೂನಿಫಾರ್ಮ್ ಹಾಳಾಗಿ ಅಮ್ಮಂದಿರು ನನಗೆ ಬೈಯುತ್ತಾರೆ, ಆದರೂ ಪರವಾಗಿಲ್ಲ. ಕಣ್ಣು ಕಾಣದ ಮಗು ಕೂಡ ಬೆರಳಾಡಿಸಿ ಹಳಗನ್ನಡದ 'ಕ' ಹೇಗಿತ್ತು ಅಂತ ತಿಳಿದುಕೊಳ್ಳಬಹುದು. ಯಾವ ಸ್ಮಾರ್ಟ್ ಕ್ಲಾಸ್ ಟಿವಿಯೂ ಇದನ್ನು ಕೊಡಲ್ಲ.

ಇಷ್ಟಾದ ಮೇಲೆ ಅದೇ ಮಕ್ಕಳು ಊರ ಕೆರೆ ಏರಿ ಮೇಲಿನ ವೀರಗಲ್ಲನ್ನು ಸುಮ್ನೆ ದಾಟಿ ಹೋಗಲ್ಲ. ಮೂರು ಹಂತ ಇರುವ ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಕೆಳಗೆ ದನಗಳಿದ್ದರೆ ಅದು ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು. ಎಷ್ಟೋ ಊರುಗಳಲ್ಲಿ ಇದಕ್ಕೆ ಮೇಕೆ ಕಟ್ಟುತ್ತಾರೆ, ಬಟ್ಟೆ ಒಗೆಯುತ್ತಾರೆ. ಪೆಟ್ಟಿಗೆ ಊರಿಗೆ ಬಂದರೆ ಊರಿನ ಕಲ್ಲಿಗೂ ಒಂದು ಬೆಲೆ ಬರುತ್ತೆ ಅನ್ನೋದು ನನ್ನ ಆಸೆ.

ನಕಲು ಮಾಡುವುದು ಈಗ ಅಷ್ಟೇನೂ ಕಷ್ಟ ಇಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಅಧ್ಯಯನ ಸಂಸ್ಥೆಯವರು ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ತ್ರೀ-ಡಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ. ಸ್ಕ್ಯಾನ್ ಇದ್ದಮೇಲೆ ಪ್ರಿಂಟ್ ತೆಗೆಯುವುದು, ಅದರಿಂದ ಅಚ್ಚು ಮಾಡಿ ಹತ್ತಾರು ಪ್ರತಿ ಎರಕ ಹೊಯ್ಯುವುದು ಕಾಲೇಜು ಹುಡುಗರೂ ಮಾಡುವ ಕೆಲಸ.

ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ. ಗಂಗರ ಆನೆ ನಾಣ್ಯ, ಟಿಪ್ಪುವಿನ ಆನೆ ಕಾಸು, ಎರಡರ ನಕಲನ್ನೂ ಪಕ್ಕಪಕ್ಕ ಇಡಿ. ರಾಯಚೂರು ಕಡೆಗೆ 1915ರಲ್ಲಿ ಸಿಕ್ಕ ಮಸ್ಕಿ ಶಾಸನದ ಅಚ್ಚು ಹೋಗಲಿ, ಅಶೋಕ ಅನ್ನುವ ಹೆಸರೇ ಬರೆದಿರುವ ಶಾಸನ ಅದು. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಮಾಡಿದ ಕೈಗೊಡಲಿಯ ನಕಲು ಆ ಭಾಗದ ಮಕ್ಕಳ ಕೈಗೆ ಸಿಗಲಿ, ಹಿಡಿದ ತಕ್ಷಣ ಬೆರಳುಗಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ, ಮಾತಿನಲ್ಲಿ ವಿವರಿಸೋದೇ ಬೇಡ. ಬಳ್ಳಾರಿ, ಕೊಪ್ಪಳದವರಿಗೆ ಬೂದಿಗುಡ್ಡದ ಪೆಟ್ಟಿಗೆ ಇರಲಿ. ಹಂಪಿ ಹತ್ತಿರದ ನಿಂಬಾಪುರದ ಬೂದಿಗುಡ್ಡವನ್ನು ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಾರೆ. ಆದರೆ ಇಂಥ ಗುಡ್ಡಗಳನ್ನು ಪರೀಕ್ಷಿಸಿದವರು ಹೇಳುವುದು, ಇವು ಹೊಸ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಅಂತ. ಎರಡೂ ಕಥೆ ತರಗತಿಯಲ್ಲಿ ಬರಲಿ, ಜಗಳ ಆಗಲಿ. ಶಾಲೆಯ ಹಿತ್ತಿಲಲ್ಲಿ ಒಂದು ಬುಟ್ಟಿ ಬೆರಣಿ ಸುಟ್ಟು ಬೂದಿ ನೋಡಿದರೆ ಇನ್ನೂ ಒಳ್ಳೆಯದು.

ಬೀದರಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಅಲ್ಲಿ ನಕಲೇ ಬೇಕಿಲ್ಲ. ಬಿದರಿ ಕೆಲಸದ ಒಂದೊಂದು ಹಂತದಲ್ಲಿ ನಿಲ್ಲಿಸಿದ ಪುಟ್ಟ ಬಿಲ್ಲೆಗಳನ್ನು ಕುಶಲಕರ್ಮಿಗಳಿಂದಲೇ ಮಾಡಿಸಬಹುದು. ಮೊದಲನೆಯದು ಸತು, ತಾಮ್ರ ಸೇರಿಸಿ ಎರಕ ಹೊಯ್ದಿದ್ದು. ಎರಡನೆಯದು ಮೈಲುತುತ್ತ ಹಚ್ಚಿ ಕಪ್ಪು ಮಾಡಿ, ಮೇಲೆ ಚಿತ್ತಾರ ಕೊರೆದಿದ್ದು. ಮೂರನೆಯದು ಕೊರೆದ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸಿದ್ದು. ನಾಲ್ಕನೆಯದು ಉಜ್ಜಿ ನಯ ಮಾಡಿದ್ದು, ಈ ಹಂತದಲ್ಲಿ ಬೆಳ್ಳಿ ಎಲ್ಲಿ ಲೋಹ ಎಲ್ಲಿ ಅಂತ ಕಣ್ಣಿಗೆ ಸರಿಯಾಗಿ ಗೊತ್ತೇ ಆಗಲ್ಲ. ಕೊನೆಯದು ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ತಿಕ್ಕಿದ್ದು. ಲೋಹ ಕಡುಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಇತಿಹಾಸದ ಪೀರಿಯಡ್ಡಿನಲ್ಲೇ ರಸಾಯನಶಾಸ್ತ್ರ ಬಂತು. ಐದು ಬಿಲ್ಲೆಗಳ ಕ್ರಮ ಕೆಡಿಸಿ ಮಕ್ಕಳಿಗೆ ಕೊಟ್ಟು 'ಜೋಡಿಸಿ' ಅನ್ನಿ, ಮೇಡಂ ಬಾಯೇ ತೆರೆಯಬೇಕಿಲ್ಲ. ಕುಶಲಕರ್ಮಿಗಳಿಗೂ ಒಂದಷ್ಟು ಕೆಲಸ ಸಿಗುತ್ತೆ.

ಈಗ ಕಾಡುಪ್ರಾಣಿಗಳ ಮಾತು. ಇಲ್ಲಿ ಹುಷಾರಾಗಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹುಲಿ ಉಗುರು, ಚಿರತೆ ಚರ್ಮ, ಜಿಂಕೆ ಕೊಂಬು ಯಾವುದನ್ನೂ ಹಾಗೆಲ್ಲ ಇಟ್ಟುಕೊಳ್ಳುವಂತಿಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ವಿಷಯ ಎಷ್ಟು ದೊಡ್ಡ ಗಲಾಟೆ ಆಯ್ತು ಅಂತ ಎಲ್ಲರಿಗೂ ನೆನಪಿದೆ. ಸಮುದ್ರದ ಕೆಲವು ಚಿಪ್ಪುಗಳು ಕೂಡ ಆ ಪಟ್ಟಿಯಲ್ಲಿವೆ, ಗೊತ್ತಿಲ್ಲದೆ ಶಾಲೆಯ ಕಪಾಟಿನಲ್ಲಿ ಇಟ್ಟವರು ಇದ್ದಾರು. ಹಳೆಯ ಶಿಲ್ಪ, ಹಸ್ತಪ್ರತಿಗಳಿಗೂ ಅದೇ 1972ರಲ್ಲಿ ಪ್ರಾಚೀನ ವಸ್ತುಗಳ ಕಾಯ್ದೆ ಬಂತು. ಹಾಗಾಗಿ ಅಸಲಿ ವಸ್ತು ಕಳಿಸಿ ಅಂತ ನಾನು ಕೇಳುತ್ತಲೇ ಇಲ್ಲ. ಇನ್ನೊಂದು, ಹಳೇ ಕಾಲೇಜುಗಳಲ್ಲಿ ಒಣಹುಲ್ಲು ತುಂಬಿಟ್ಟ ಹಕ್ಕಿ, ಮುಂಗುಸಿಗಳಿರುತ್ತವಲ್ಲ, 'ಮಕ್ಕಳಿಗೆ ಕೊಟ್ಟುಬಿಡೋಣ' ಅಂತ ಯಾರಾದರೂ ಉತ್ಸಾಹ ತೋರಿಸಿದರೆ ದಯವಿಟ್ಟು ತಡೆಯಿರಿ. ಹಿಂದೆ ಚರ್ಮ ಕೆಡದಿರಲಿ ಅಂತ ಆರ್ಸೆನಿಕ್ ಹಚ್ಚುತ್ತಿದ್ದರು. ಅದು ವಿಷ.

ಅಸಲಿ ಇಲ್ಲದೆಯೂ ಎಷ್ಟೊಂದು ಮಾಡಬಹುದು ನೋಡಿ. ಹೆಜ್ಜೆ ಗುರುತಿನ ಪ್ಲಾಸ್ಟರ್ ಅಚ್ಚುಗಳನ್ನೇ ತೆಗೆದುಕೊಳ್ಳಿ. ಹುಲಿ, ಚಿರತೆಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ಹಿಂದೆ ಅಂಗಾಲಿನ ಮೆತ್ತೆ, ಉಗುರಿನ ಗುರುತು ಮಾತ್ರ ಇರಲ್ಲ, ನಡೆಯುವಾಗ ಒಳಗೆ ಎಳೆದುಕೊಂಡಿರುತ್ತವೆ. ಸೀಳುನಾಯಿ, ತೋಳದ ಹೆಜ್ಜೆಯಲ್ಲಿ ಉಗುರು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಕಾಡಂಚಿನ ಊರಿನಲ್ಲಿ 'ಚಿರತೆ ಬಂತು' ಅಂತ ವಾಟ್ಸ್ಆ್ಯಪ್‌ನಲ್ಲಿ ನಾಯಿ ಹೆಜ್ಜೆಯ ಫೋಟೊ ಓಡಾಡುತ್ತಾ ಇರುತ್ತದೆ, ಏಳನೇ ತರಗತಿಯ ಹುಡುಗಿ ನೋಡಿ 'ಉಗುರು ಇದೆ, ಇದು ನಾಯಿ' ಅಂದರೆ ಇಡೀ ಊರಿಗೆ ಉಪಕಾರ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಅನ್ನೋದನ್ನು ನಮ್ಮ ಮಕ್ಕಳು ಕ್ವಿಜ್‌ಗೆ ಬಾಯಿಪಾಠ ಮಾಡಿರುತ್ತಾರೆ. ಹೆಜ್ಜೆ ಮಾತ್ರ ನೋಡಿಲ್ಲ.

ಆನೆಗಂತೂ ಒಂದು ಹಗ್ಗ ಸಾಕು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ಬರುತ್ತದೆ. ಪೆಟ್ಟಿಗೆಯಲ್ಲಿ ನಿಜವಾದ ಅಳತೆಯ ಹೆಜ್ಜೆಯನ್ನು ಬರೆದ ಒಂದು ರೆಕ್ಸಿನ್ ಹಾಳೆ ಮಡಿಸಿ ಇಡಿ, ಜೊತೆಗೆ ಹಗ್ಗ. ಮಕ್ಕಳು ಹಾಳೆಯನ್ನು ನೆಲಕ್ಕೆ ಹಾಸಿ, ಗೆರೆಯ ಮೇಲೆ ಹಗ್ಗ ಸುತ್ತಿ, ಅದರ ಎರಡರಷ್ಟು ಅಳೆದು ಗೋಡೆಗೆ ಹಿಡಿಯುತ್ತಾರೆ. ಬಾಗಿಲ ಚೌಕಟ್ಟು ದಾಟಿ ಮೇಲೆ ಹೋಗುತ್ತೆ. ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಅದಾದ ಮೇಲೆ ಸುತ್ತಳತೆ ಅಂದರೇನು ಅಂತ ಗಣಿತದ ಮೇಷ್ಟ್ರು ಹೇಳೋದೇ ಬೇಡ.

ಪೆಟ್ಟಿಗೆ ಆಯಾ ಭಾಗದ್ದಾಗಿರಬೇಕು, ಇದು ಮುಖ್ಯ. ರಾಜ್ಯಕ್ಕೆಲ್ಲ ಒಂದೇ ಪೆಟ್ಟಿಗೆ, ಅದರಲ್ಲಿ ಒಂದು ಹುಲಿ ಒಂದು ಆನೆ ಅಂತ ಮಾಡಿಬಿಟ್ಟರೆ ಕೆಲಸ ಕೆಟ್ಟ ಹಾಗೆ. ಕೊಪ್ಪಳದ ಮಗುವಿಗೆ ಬೇಕಿರುವುದು ತೋಳ, ಅವರ ಜಿಲ್ಲೆಯ ಬಂಕಾಪುರದಲ್ಲೇ ತೋಳಗಳ ಅಭಯಾರಣ್ಯ ಇದೆ. ಹಾವೇರಿಗೆ ರಾಣೆಬೆನ್ನೂರಿನ ಕೃಷ್ಣಮೃಗ. ಬಳ್ಳಾರಿಗೆ ಸಿರುಗುಪ್ಪದ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಬಯಲಿನಲ್ಲಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತೆ. ಆ ಮೊಟ್ಟೆಯ ನಕಲನ್ನು ಕಲ್ಲು ಮಣ್ಣಿನ ತಟ್ಟೆಯಲ್ಲಿಟ್ಟು 'ಹುಡುಕಿ' ಅಂದರೆ ಅದು ಯಾಕೆ ಅಳಿಯುತ್ತಿದೆ ಅನ್ನೋದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ. ದಾಂಡೇಲಿ, ಮಲೆನಾಡಿಗೆ ಮಂಗಟ್ಟೆ ಹಕ್ಕಿ. ಹೆಣ್ಣು ಹಕ್ಕಿ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮೆತ್ತಿಕೊಳ್ಳುತ್ತೆ, ಸಣ್ಣ ಸೀಳು ಮಾತ್ರ ಬಿಟ್ಟುಕೊಳ್ಳುತ್ತೆ, ಗಂಡು ಅದರಲ್ಲೇ ಹಣ್ಣು ಕೊಡುತ್ತೆ. ಗೊಂಬೆ ಮಾಡುವ ಚನ್ನಪಟ್ಟಣದವರೋ ಕಿನ್ನಾಳದವರೋ ಮರದಲ್ಲಿ ಒಂದು ಪೊಟರೆ ಮಾಡಿಕೊಟ್ಟರೆ, ಆ ಸೀಳಿನಲ್ಲಿ ಗೋಲಿ ತೂರಿಸಿ ಆಡುತ್ತಲೇ ಮಕ್ಕಳು ಕಲಿಯುತ್ತಾರೆ. ಕಲ್ಯಾಣ ಕರ್ನಾಟಕದ ಹುಲ್ಲುಗಾವಲನ್ನು 'ಬೀಳು ಭೂಮಿ' ಅಂತ ಕರೆಯುವ ಚಟ ನಮಗೆ ಜಾಸ್ತಿ ಇರುವುದಕ್ಕೆ, ಅಲ್ಲಿ ಯಾರಿದ್ದಾರೆ ಅಂತ ಶಾಲೆಯಲ್ಲಿ ತೋರಿಸದೆ ಇರುವುದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಹೇಳಿ ಮುಖ್ಯ ವಿಷಯಕ್ಕೆ ಬರದಿದ್ದರೆ ತಪ್ಪಾಗುತ್ತೆ. ಪೆಟ್ಟಿಗೆ ಮಾಡುವುದು ಸುಲಭ. ತೆರೆಸುವುದು ಕಷ್ಟ.

ಸರ್ಕಾರಿ ಶಾಲೆಯ ಯಾವ ಬೀರು ಬೇಕಾದರೂ ತೆಗೆದು ನೋಡಿ. ಕಿಟ್‌ಗಳಿರುತ್ತವೆ. ಹಿಂದೆ ಯಾವಾಗಲೋ ಬಂದ ವಿಜ್ಞಾನ ಕಿಟ್, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲ್ಲ. ಮುಖ್ಯ ಶಿಕ್ಷಕರು ಸೋಮಾರಿಗಳು ಅಂತ ಅಲ್ಲ. ಆ ಕಿಟ್ಟು ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಹೆಸರಿಗೆ ಏರಿರುತ್ತದೆ. ಭೂತಗನ್ನಡಿ ಒಡೆದರೆ, ಅಯಸ್ಕಾಂತ ಕಳೆದರೆ, ವರ್ಗಾವಣೆ ದಿನ ಚಾರ್ಜ್ ಕೊಡುವಾಗ, ಇಲ್ಲ ಆಡಿಟ್ ಬಂದಾಗ, 'ಇದೆಲ್ಲಿ?' ಅಂತ ಕೇಳುತ್ತಾರೆ. ಬೀರುವಿನಲ್ಲಿದ್ದರೆ ಯಾರೂ ಏನೂ ಕೇಳಲ್ಲ. ಮಕ್ಕಳ ಕೈಗೆ ಕೊಟ್ಟರೆ ಅಪಾಯ, ಬೀಗ ಹಾಕಿದರೆ ಕ್ಷೇಮ. ಇಂಥ ಲೆಕ್ಕದಲ್ಲಿ ಯಾರಾದರೂ ಬೀಗವನ್ನೇ ಹಾಕುತ್ತಾರೆ ಅಲ್ವಾ?

ಆದ್ದರಿಂದ ಮ್ಯೂಸಿಯಂ ಪೆಟ್ಟಿಗೆಗೆ ಮೊದಲ ದಿನದಿಂದಲೇ ಒಂದು ಆದೇಶ ಬೇಕು. ಒಳಗಿರುವುದೆಲ್ಲ ನಕಲು, ಬಳಕೆಯಲ್ಲಿ ಸವೆಯುವ ವಸ್ತು. ಮುರಿದರೆ ಶಿಕ್ಷಕರಿಂದ ವಸೂಲಿ ಇಲ್ಲ. ಮುರಿದಿದ್ದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲೇ ಹಾಕಿ ಕಳಿಸಿದರೆ ಮುಗೀತು, ಅಚ್ಚು ಇದೆಯಲ್ಲ, ಮತ್ತೊಂದು ಹೊಯ್ಯಲಿ. ವರ್ಷದ ಕೊನೆಗೆ ಒಂದೂ ಮುರಿಯದೆ ವಾಪಸ್ ಬಂದ ಪೆಟ್ಟಿಗೆ ಸಿಕ್ಕರೆ 'ಬಳಸಲೇ ಇಲ್ವಾ?' ಅಂತ ಕೇಳಿ. ನನ್ನ ಮಟ್ಟಿಗೆ ಇದೊಂದು ಆದೇಶ ಇಲ್ಲದೆ ಉಳಿದದ್ದಕ್ಕೆಲ್ಲ ದುಡ್ಡು ಸುರಿಯುವುದು ದಂಡ.

ಪೆಟ್ಟಿಗೆ ಎಲ್ಲಿಡಬೇಕು ಅನ್ನೋದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಬ್ಬರು ಮೇಲ್ವಿಚಾರಕರಿದ್ದಾರೆ, ಎರವಲು ಕೊಟ್ಟು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ಇದೆ, ಪುಸ್ತಕ ಹರಿಯುತ್ತೆ ಅನ್ನೋ ಸತ್ಯವೂ ಗೊತ್ತಿದೆ. ತಾಲೂಕಿನಿಂದ ತಾಲೂಕಿಗೆ ಹೋಗಲು ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಇದೆ. ಹಾಗಾಗಿ ಪೆಟ್ಟಿಗೆಯ ಅಳತೆ ನಿರ್ಧರಿಸುವವರು ಬೆಂಗಳೂರಿನಲ್ಲಿ ಕೂತು ಚಂದದ ತೇಗದ ಪೆಟ್ಟಿಗೆ ಮಾಡಿಸಬೇಡಿ. ಒಬ್ಬ ಶಿಕ್ಷಕಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುವಂತಿರಲಿ, ಮಳೆ ನೀರು ಒಳಗೆ ಹೋಗದಿರಲಿ.

ಜೊತೆಗೆ ದಪ್ಪ ಕೈಪಿಡಿ ಬೇಡ. ಒಂದೊಂದು ವಸ್ತುವಿಗೆ ಒಂದು ಕಾರ್ಡು, ಕನ್ನಡದಲ್ಲಿ. ಒಂದು ಬದಿ ಅದು ಏನು, ಎಲ್ಲಿ ಸಿಕ್ಕಿತು, ಅಸಲಿ ಈಗ ಎಲ್ಲಿದೆ. ಇನ್ನೊಂದು ಬದಿ ಮಕ್ಕಳಿಗೆ ಕೇಳಬಹುದಾದ ಮೂರು ಪ್ರಶ್ನೆ, ಉತ್ತರ ಬೇಡ. ಮತ್ತೊಂದು ಬೇಡಿಕೆ, ಇದನ್ನು ಎಲ್ಲ ಶಿಕ್ಷಕರ ಪರವಾಗಿ ಕೇಳುತ್ತಿದ್ದೇನೆ, ಪೆಟ್ಟಿಗೆ ತೆರೆದ ಫೋಟೊ, ಮುಚ್ಚಿದ ಫೋಟೊ, ಮಕ್ಕಳು ಹಿಡಿದ ಫೋಟೊ ತೆಗೆದು ಗ್ರೂಪಿಗೆ ಹಾಕಿ, ಆ್ಯಪ್‌ನಲ್ಲಿ ಎಂಟ್ರಿ ಮಾಡಿ ಅಂತ ಮಾತ್ರ ಹೇಳಬೇಡಿ. ಅಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತೆ.

ಯಾರು ಮಾಡಬೇಕು? ಪುರಾತತ್ವ, ಸಂಗ್ರಹಾಲಯ ಇಲಾಖೆ ಒಂದು ಕಡೆ, ಅರಣ್ಯ ಇಲಾಖೆ ಇನ್ನೊಂದು ಕಡೆ, ಶಿಕ್ಷಣ ಇಲಾಖೆ ಮತ್ತೊಂದು ಕಡೆ ಅಂತ ಫೈಲು ಸುತ್ತಾಡಿದರೆ ಮುಗೀತು ಕಥೆ. ಅರಣ್ಯ ಇಲಾಖೆ 'ಚಿಣ್ಣರ ವನ ದರ್ಶನ'ದಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ, ಒಳ್ಳೆ ಕಾರ್ಯಕ್ರಮ, ಹೋಗುವ ಮುಂಚಿನ ವಾರ ಶಾಲೆಗೆ ಪೆಟ್ಟಿಗೆ ಬಂದರೆ ಆ ದಿನದ ಬೆಲೆಯೇ ಬೇರೆ. ಮೈಸೂರಿನ ಕಾರಂಜಿ ಕೆರೆ ದಂಡೆಯ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದವರು, ವಿಶ್ವವಿದ್ಯಾಲಯಗಳ ಜಾನಪದ ಮ್ಯೂಸಿಯಂಗಳವರು ಕೈ ಜೋಡಿಸಬಹುದು. ಈಗಾಗಲೇ ಎಲ್ಲಾದರೂ ಇಂಥ ಕಿಟ್ ಕೊಡುವ ವ್ಯವಸ್ಥೆ ಇದ್ದರೆ ಅದು ಹಳ್ಳಿ ಶಾಲೆಗಳ ಕಿವಿಗೂ ಬೀಳಲಿ, ನಿಮ್ಮ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂದರೂ ಸಾಕು.

ರಾಜ್ಯಕ್ಕೆಲ್ಲ ಒಂದೇ ಸಲ ಬೇಡ. ಮುಂದಿನ ಜೂನ್‌ಗೆ ಮೊದಲು ಒಂದು ತಾಲೂಕು, ಕೆಲವೇ ಪೆಟ್ಟಿಗೆ, ಮುರಿದರೆ ವಸೂಲಿ ಇಲ್ಲ ಅನ್ನುವ ಒಂದು ಪುಟದ ಆದೇಶ. ಯಾವ ತಾಲೂಕು ಅಂತ ಇಲಾಖೆಯವರೇ ಆರಿಸಲಿ. ನಮ್ಮದೇ ಆದರೆ ಬೇಡ ಅನ್ನಲ್ಲ, ಸ್ಕೂಟರ್ ನನ್ನ ಹತ್ತಿರ ಇದೆ.

ಇಂತಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ